ಕಪ್ಪು ಚೌಕ, ಖಾಲಿ ವೃತ್ತ: ಮುಂದಿನ ಚಿತ್ರ ಯಾವುದು?

ಸಾಲಾಗಿ ಕೆಲವು ಚಿತ್ರಗಳು. ಒಂದು ವೃತ್ತ, ಪಕ್ಕದಲ್ಲಿ ಚೌಕ, ಆಮೇಲೆ ತ್ರಿಕೋನ. ಕೆಲವಕ್ಕೆ ಒಳಗೆ ಕಪ್ಪು ತುಂಬಿದೆ, ಕೆಲವು ಖಾಲಿ. ಕೊನೆಯಲ್ಲಿ ಪ್ರಶ್ನೆ ಚಿಹ್ನೆ. ಮಕ್ಕಳ ಗಣಿತ ಪುಸ್ತಕದಲ್ಲೋ ಪ್ರವೇಶ ಪರೀಕ್ಷೆಯಲ್ಲೋ ಇಂಥ ಪ್ರಶ್ನೆಯನ್ನು ನೀವು ನೋಡಿಯೇ ಇರುತ್ತೀರಿ. ತುಂಬಾ ಜನ ಇದನ್ನು ದಿಟ್ಟಿಸಿ ನೋಡುತ್ತಾ ಕೂರುತ್ತಾರೆ. ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ. ಆದರೆ ಹೊಳೆಯಲಿ ಅಂತ ಕಾಯಬೇಕಾಗಿಲ್ಲ. ಇದಕ್ಕೊಂದು ದಾರಿ ಇದೆ, ಕಲಿತರೆ ಎಲ್ಲರಿಗೂ ಬರುತ್ತದೆ. ಒಂದು ಪೆನ್ಸಿಲ್, ಎರಡು ಕಾಗದದ ಪಟ್ಟಿ ಹತ್ತಿರ ಇಟ್ಟುಕೊಳ್ಳಿ.

ಮೊದಲು ಎಳೆ ಬಿಡಿಸಿ

ಈ ಸಾಲನ್ನು ನೋಡಿ:

● □ ▲ ○ ■ △ ● □ ▲ ○ ■ △

ಇದನ್ನು ಒಟ್ಟಾಗಿ ನೋಡಿದರೆ ಆರು ಬೇರೆ ಬೇರೆ ಚಿತ್ರಗಳು ಕಣ್ಣಿಗೆ ಬೀಳುತ್ತವೆ, ತಲೆ ಗೊಂದಲವಾಗುತ್ತದೆ. ಹಾಗೆ ನೋಡಲೇಬೇಡಿ. ಇದರಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ. ಒಂದು ಆಕಾರದ ಎಳೆ, ಇನ್ನೊಂದು ಬಣ್ಣದ ಎಳೆ.

ಮೊದಲು ಬಣ್ಣ ಮರೆತುಬಿಡಿ. ಆಕಾರವನ್ನಷ್ಟೇ ಬರೆಯಿರಿ: ವೃತ್ತ, ಚೌಕ, ತ್ರಿಕೋನ, ವೃತ್ತ, ಚೌಕ, ತ್ರಿಕೋನ. ಮೂರಕ್ಕೊಂದು ಸುತ್ತು. ಈಗ ಆಕಾರ ಮರೆತು ಬಣ್ಣವನ್ನಷ್ಟೇ ಬರೆಯಿರಿ: ತುಂಬಿದ್ದು, ಖಾಲಿ, ತುಂಬಿದ್ದು, ಖಾಲಿ. ಎರಡಕ್ಕೊಂದು ಸುತ್ತು. ಎಷ್ಟು ಸರಳ, ಅಲ್ವಾ? ಕಷ್ಟ ಇದ್ದದ್ದು ಎರಡನ್ನೂ ಒಟ್ಟಿಗೆ ನೋಡಿದ್ದರಲ್ಲಿ.

ಬಾಯಲ್ಲಿ ಹೇಳಿಕೊಂಡರೆ ಸಾಲದು, ಬರೆಯಲೇಬೇಕು. ಕಣ್ಣು ತಾನು ಕಾಣಬೇಕೆಂದಿದ್ದನ್ನೇ ಕಾಣುತ್ತದೆ. ಕಾಗದದ ಮೇಲೆ ಬರೆದದ್ದು ಹಾಗೆ ಮೋಸ ಮಾಡುವುದಿಲ್ಲ.

ಪಟ್ಟಿ ಜಾರಿಸಿ ನೋಡಿ

ಸುತ್ತು ಎಲ್ಲಿ ಮುಗಿಯುತ್ತದೆ ಎಂದು ಅನುಮಾನವಿದ್ದರೆ ಆ ಎರಡು ಪಟ್ಟಿಗಳನ್ನು ತೆಗೆಯಿರಿ. ಎರಡರ ಮೇಲೂ ಅದೇ ಸಾಲನ್ನು, ಅಷ್ಟೇ ಅಂತರ ಬಿಟ್ಟು ಬರೆಯಿರಿ. ಒಂದರ ಕೆಳಗೊಂದು ಇಡಿ. ಈಗ ಕೆಳಗಿನದನ್ನು ಒಂದೊಂದೇ ಮನೆ ಬಲಕ್ಕೆ ಜಾರಿಸುತ್ತಾ ಹೋಗಿ. ಪ್ರತಿ ಸಲ ಮೇಲಿನದೂ ಕೆಳಗಿನದೂ ಹೊಂದುತ್ತವೆಯೇ ಎಂದು ನೋಡಿ.

ಒಂದು ಮನೆ ಜಾರಿಸಿದರೆ ಏನೂ ಹೊಂದುವುದಿಲ್ಲ. ಎರಡು ಮನೆ ಜಾರಿಸಿದಾಗ ▲ ಕೆಳಗೆ ● ಬರುತ್ತದೆ, ○ ಕೆಳಗೆ □ ಬರುತ್ತದೆ. ಆಕಾರ ಬೇರೆ, ಆದರೆ ಬಣ್ಣ ಎಲ್ಲ ಕಡೆಯೂ ಹೊಂದಿತು! ಮೂರು ಮನೆ ಜಾರಿಸಿದರೆ ಉಲ್ಟಾ: ಆಕಾರಗಳೆಲ್ಲ ಹೊಂದುತ್ತವೆ, ಬಣ್ಣ ಎಲ್ಲೂ ಹೊಂದುವುದಿಲ್ಲ. ಆರು ಮನೆ ಜಾರಿಸಿದಾಗ ಮಾತ್ರ ಮೇಲೆ ಕೆಳಗೆ ಪೂರ್ತಿ ಒಂದೇ. ಹಾಗಾಗಿ ಇಡೀ ಸಾಲಿನ ಸುತ್ತು ಆರು. ಈ ಅರ್ಧಂಬರ್ಧ ಹೊಂದುವ ಜಾಗಗಳು ನನಗೆ ತುಂಬಾ ಇಷ್ಟ. ಒಳಗೆ ಯಾವ ಎಳೆ ಎಷ್ಟಕ್ಕೆ ತಿರುಗುತ್ತಿದೆ ಎಂಬುದನ್ನು ಅವೇ ಬಿಟ್ಟುಕೊಡುತ್ತವೆ.

ಎರಡು ಮತ್ತು ಮೂರರ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಆರು. ಶಾಲೆಯಲ್ಲಿ ಕಲಿತ ಅದೇ ಲ.ಸಾ.ಅ. ಇಲ್ಲಿ ಕೆಲಸಕ್ಕೆ ಬಂತು. ಸುಮ್ನೆ ಗುಣಿಸಬೇಡಿ. ಆಕಾರ ನಾಲ್ಕಕ್ಕೆ, ಬಣ್ಣ ಆರಕ್ಕೆ ತಿರುಗಿದರೆ ಪೂರ್ತಿ ಸುತ್ತು 12, 24 ಅಲ್ಲ.

ಸ್ವಲ್ಪ ಕಷ್ಟದ್ದು

● ■ △ ○ ■ ▲ ○ □ ▲ ● □ △

ಇದನ್ನು ನೋಡಿದರೆ ಯಾರೋ ಮನಸ್ಸಿಗೆ ಬಂದಂತೆ ಬರೆದ ಹಾಗಿದೆ. ಹನ್ನೆರಡು ಚಿತ್ರ ನೋಡಿದರೂ ಸುತ್ತು ಮರಳಿ ಶುರುವಾಗಲಿಲ್ಲ. ಎಳೆ ಬಿಡಿಸಿ ನೋಡಿ. ಆಕಾರ ಅದೇ ಹಳೆಯದು: ವೃತ್ತ, ಚೌಕ, ತ್ರಿಕೋನ. ಬಣ್ಣ: ತುಂಬಿದ್ದು, ತುಂಬಿದ್ದು, ಖಾಲಿ, ಖಾಲಿ, ಮತ್ತೆ ತುಂಬಿದ್ದು, ತುಂಬಿದ್ದು. ಮೂರು ಮತ್ತು ನಾಲ್ಕು, ಅಂದರೆ ಸುತ್ತು 12. ಹದಿಮೂರನೆಯದು ಮತ್ತೆ ●.

ಈಗ 100ನೆಯ ಚಿತ್ರ ಯಾವುದು? ನೂರು ಚಿತ್ರ ಬರೆಯುವುದು ಬೇಡ. 100ನ್ನು 3ರಿಂದ ಭಾಗಿಸಿ, ಶೇಷ 1. ಆಕಾರದ ಸುತ್ತಿನಲ್ಲಿ ಮೊದಲನೆಯದು, ವೃತ್ತ. 100ನ್ನು 4ರಿಂದ ಭಾಗಿಸಿದರೆ ಶೇಷ 0. ಜಾಸ್ತಿ ಜನ ಎಡವುವುದು ಇಲ್ಲೇ. ಶೇಷ ಸೊನ್ನೆ ಬಂದರೆ ಸುತ್ತಿನ ಕೊನೆಯದನ್ನು ತೆಗೆದುಕೊಳ್ಳಬೇಕು, ಮೊದಲನೆಯದನ್ನಲ್ಲ. ಬಣ್ಣದ ಸುತ್ತಿನಲ್ಲಿ ಕೊನೆಯದು ಖಾಲಿ. ಹಾಗಾಗಿ ಉತ್ತರ ○.

ಬಣ್ಣದ ತುಂಡು ತಿರುಗುವಾಗ

ಕೆಲವು ಪ್ರಶ್ನೆಗಳಲ್ಲಿ ಆಕಾರ ಬದಲಾಗುವುದೇ ಇಲ್ಲ. ಎಂಟು ಹೋಳಾಗಿಸಿದ ಒಂದು ವೃತ್ತ ಇರುತ್ತದೆ, ಬಣ್ಣದ ಹೋಳು ಮಾತ್ರ ಜಾಗ ಬದಲಿಸುತ್ತದೆ. ಇಲ್ಲಿ ಹೋಳುಗಳಿಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 1ರಿಂದ 8ರವರೆಗೆ ನಂಬರ್ ಹಾಕಿಬಿಡಿ. ಚಿತ್ರ ಹೋಗಿ ಅಂಕಿಗಳಾದವು, ಅರ್ಧ ಕೆಲಸ ಮುಗಿಯಿತು. ಪ್ರತಿ ಸಲ ಮೂರು ಹೋಳು ಮುಂದೆ ಹೋದರೆ 1, 4, 7, 2, 5, 8, 3, 6 ಎಂದು ಎಂಟೂ ಜಾಗ ಮುಟ್ಟಿ ಮತ್ತೆ 1ಕ್ಕೆ ಬರುತ್ತದೆ. ಎರಡೆರಡು ಹೋಳು ಹೋದರೆ 1, 3, 5, 7 ಮುಗಿಸಿ ನಾಲ್ಕರಲ್ಲೇ ವಾಪಸ್ಸು. ಉಳಿದ ನಾಲ್ಕು ಹೋಳಿಗೆ ಬಣ್ಣ ಬರುವುದೇ ಇಲ್ಲ.

ನಾಲ್ಕು ಮನೆಯ ಚೌಕದಲ್ಲಿ ಎರಡು ಮನೆಗಳಿಗೆ ಬಣ್ಣವಿದ್ದರೆ ಹುಷಾರಾಗಿರಿ. ಇಲ್ಲೂ ಮನೆಗಳಿಗೆ ಸುತ್ತಲೂ ನಂಬರ್ ಹಾಕಿ. ಒಂದು ಬಣ್ಣ 1ರಿಂದ ಹೊರಟು ಒಂದೊಂದೇ ಮನೆ ಹೋಗುತ್ತದೆ, ಇನ್ನೊಂದು 3ರಿಂದ ಹೊರಟು ಎರಡೆರಡು ಮನೆ ಹಾರುತ್ತದೆ ಅಂತಿಟ್ಟುಕೊಳ್ಳಿ. ಮೂರನೆಯ ಚಿತ್ರದಲ್ಲಿ ಎರಡೂ 3ನೇ ಮನೆಯಲ್ಲೇ ಬಂದು ಕೂರುತ್ತವೆ, ಒಂದೇ ಮನೆಗೆ ಬಣ್ಣ ಕಾಣುತ್ತದೆ. ಒಂದು ಬಣ್ಣ ಎಲ್ಲಿ ಹೋಯಿತು ಎಂದು ಹುಡುಕಬೇಡಿ, ಅದು ಇನ್ನೊಂದರ ಮೇಲಿದೆ. ನಾಲ್ಕನೆಯ ಚಿತ್ರದಲ್ಲಿ ಮತ್ತೆ ಬೇರೆಯಾಗುತ್ತದೆ.

ಸಾಲಿನ ಬದಲು ಮೂರು ಅಡ್ಡ, ಮೂರು ಉದ್ದದ ಚೌಕಟ್ಟು ಕೊಟ್ಟು, ಕೊನೆಯ ಮನೆ ಖಾಲಿ ಬಿಟ್ಟಿದ್ದರೂ ದಾರಿ ಇದೇ. ಇಂಥ ಚೌಕಟ್ಟಿನ ಪರೀಕ್ಷೆಯನ್ನು ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ರೇವನ್ 1938ರಲ್ಲಿ ಪ್ರಕಟಿಸಿದರು. ಅಲ್ಲಿ ಅಡ್ಡಸಾಲಿನಲ್ಲಿ ಒಮ್ಮೆ, ಕಂಬಸಾಲಿನಲ್ಲಿ ಒಮ್ಮೆ ಎಳೆ ಬಿಡಿಸಿ.

ಎರಡು ಸುತ್ತು ಕಾಣದೆ ನಂಬಬೇಡಿ

● ○ ● ಎಂದಷ್ಟೇ ಕಂಡರೆ ಮುಂದಿನದು ○ ಅಂತ ಬಾಯಿಗೆ ಬಂದುಬಿಡುತ್ತದೆ. ಆದರೆ ಸಾಲು ಹೀಗೂ ಹೋಗಬಹುದು: ● ○ ● ● ○ ● ● ● ○. ಇದು ಮರುಕಳಿಸುವ ಸಾಲೇ ಅಲ್ಲ, ಪ್ರತಿ ಸಲ ಕಪ್ಪು ವೃತ್ತ ಒಂದೊಂದು ಜಾಸ್ತಿಯಾಗುತ್ತಾ ಬೆಳೆಯುವ ಸಾಲು. ಪಟ್ಟಿ ಎಷ್ಟು ಜಾರಿಸಿದರೂ ಹೊಂದುವುದಿಲ್ಲ. ಕನಿಷ್ಠ ಎರಡು ಸುತ್ತು ಪೂರ್ತಿ ಕಂಡ ಮೇಲೆಯೇ ಸುತ್ತು ಇಷ್ಟು ಎಂದು ಹೇಳಿ. ಸಾಲು ಚಿಕ್ಕದಾಗಿದ್ದರೆ ಪ್ರತಿ ಎಳೆಗೂ ಎರಡು ಸುತ್ತು ಸಿಗುತ್ತದೆಯೇ ನೋಡಿ. ಮೇಲಿನ ಕಷ್ಟದ ಸಾಲಿನಲ್ಲಿ ನಾವು ಮಾಡಿದ್ದೂ ಅದನ್ನೇ. ಪೂರ್ತಿ ಸಾಲಿನ ಸುತ್ತು ಒಂದೇ ಸಲ ಕಂಡಿತು, ಆದರೆ ಆಕಾರ ನಾಲ್ಕು ಸಲ, ಬಣ್ಣ ಮೂರು ಸಲ ತಿರುಗಿತ್ತು.

ಈಗ ನಿಮ್ಮ ಸರದಿ:

● ■ ○ ■ ● □ ● ■ ○ ■ ● □

75ನೆಯ ಚಿತ್ರ ಕಂಡುಹಿಡಿಯಿರಿ. ಖಾಲಿ ವೃತ್ತ ಬಂದರೆ ಸರಿ. ಖಾಲಿ ಚೌಕ ಬಂದರೆ ಆಕಾರದ ಎಳೆಯನ್ನು, ತುಂಬಿದ ವೃತ್ತ ಬಂದರೆ ಬಣ್ಣದ ಎಳೆಯ ಆ ಸೊನ್ನೆಯನ್ನು ಇನ್ನೊಮ್ಮೆ ನೋಡಿ.