ಹಾಡಿಯ ದಾಖಲೆ ಕಟ್ಟುವ ಕ್ರಮ: ಲಂಬಿ ಜನರ 137 ವರ್ಷಗಳಿಂದ ಕಲಿಯಬಹುದಾದದ್ದು

ಪರಿಶಿಷ್ಟ ಪಂಗಡದ ಗುರುತಿಗೂ ಅರಣ್ಯ ಹಕ್ಕಿಗೂ ಅರ್ಜಿ ಹಾಕಲೆಂದು ಹಾಡಿಯ, ಅಂದರೆ ಕಾಡಂಚಿನ ಬುಡಕಟ್ಟು ವಸತಿಯ, ದಾಖಲೆ ಕಟ್ಟಲು ಕೂರುವವರು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಅದರ ಮೊದಲ ನಾಲ್ಕು ಪುಟಗಳನ್ನು ಸಮುದಾಯದ ಹೆಸರಿಗೆಂದು ಮೀಸಲಿಡಬೇಕು. ಯಾರು, ಯಾವಾಗ, ಯಾವ ಕಾಗದದಲ್ಲಿ ನಿಮ್ಮನ್ನು ಏನೆಂದು ಬರೆದರು ಎಂಬುದು ಅಲ್ಲಿ ಸಾಲಾಗಿ ಬರಬೇಕು. ಕೊಡಗಿನ ಪೊನ್ನಂಪೇಟೆ ಕಡೆಯ ಹಾಡಿಯೊಂದರಲ್ಲಿ ನಾನು ಈ ಕೆಲಸಕ್ಕೆ ಕುಳಿತಿದ್ದಾಗ ಒಂದೇ ಮನೆಯ ತಗಡಿನ ಪೆಟ್ಟಿಗೆಯಿಂದ ಮೂರು ಕಾಗದಗಳು ಹೊರಬಂದವು. ತಂದೆಯ ಶಾಲಾ ವರ್ಗಾವಣೆ ಪತ್ರದಲ್ಲಿ ‘ಕುರುಬ’ ಎಂದಿತ್ತು, ಮಗಳ ಜಾತಿ ಪ್ರಮಾಣಪತ್ರದಲ್ಲಿ ‘ಕಾಡು ಕುರುಬ’ ಎಂದಿತ್ತು, ಮಗನ ಶಾಲೆಯ ದಾಖಲಾತಿಯಲ್ಲಿ ‘ಬೆಟ್ಟ ಕುರುಬ’ ಎಂದಿತ್ತು. ಹಾಡಿಯ ಯಜಮಾನರು ಮೂರನ್ನೂ ಸೆಗಣಿ ಸಾರಿಸಿದ ನೆಲದ ಮೇಲೆ ಒಂದರ ಪಕ್ಕ ಒಂದಿಟ್ಟು, “ಒಂದೇ ಒಲೆಯಲ್ಲಿ ಉಣ್ಣುವ ನಾವು ಮೂರು ಜಾತಿಯೇನು ಸಾರ್?” ಎಂದು ಕೇಳಿದರು.

ಇದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಎದುರಿಸಿದವರು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಲಂಬಿ ಜನರು. ರಾಬ್ಸನ್ ಕೌಂಟಿಯಲ್ಲಿ, ಲಂಬರ್ ನದಿಯ ಜೌಗು ನೆಲದ ಸುತ್ತ ನೆಲೆಸಿರುವ ಈ ಬುಡಕಟ್ಟಿನ ಸದಸ್ಯರ ಸಂಖ್ಯೆ ಇಂದು 55,000ಕ್ಕೂ ಹೆಚ್ಚು. 1885ರಲ್ಲಿ ರಾಜ್ಯ ಸರ್ಕಾರ ಅವರನ್ನು ‘ಕ್ರೊಯೇಟನ್ ಇಂಡಿಯನ್ನರು’ ಎಂದು ಗುರುತಿಸಿತು; ಅಲ್ಲಿ ಇಂಡಿಯನ್ನರು ಎಂದರೆ ಅಮೆರಿಕದ ಮೂಲನಿವಾಸಿಗಳು. ನೆರೆಯ ಬಿಳಿಯರು ಆ ಹೆಸರನ್ನೇ ಮೊಟಕುಗೊಳಿಸಿ ಬೈಗುಳವಾಗಿ ಬಳಸತೊಡಗಿದಾಗ, 1911ರಲ್ಲಿ ಅದು ‘ರಾಬ್ಸನ್ ಕೌಂಟಿಯ ಇಂಡಿಯನ್ನರು’ ಎಂದಾಯಿತು, 1913ರಲ್ಲಿ ‘ರಾಬ್ಸನ್ ಕೌಂಟಿಯ ಚೆರೊಕೀ ಇಂಡಿಯನ್ನರು’ ಎಂದಾಯಿತು. 1930ರ ದಶಕದಲ್ಲಿ ಚೆರಾ, ಸಿಯೂವನ್ ಎಂಬ ಹೆಸರುಗಳಲ್ಲಿ ಕೇಂದ್ರ ಸರ್ಕಾರದ ಮಾನ್ಯತೆ ಪಡೆಯುವ ಪ್ರಯತ್ನಗಳು ನಡೆದವು. ಕೊನೆಗೆ ಸಮುದಾಯವೇ ಮತ ಹಾಕಿ ತನ್ನ ನದಿಯಿಂದ ಆರಿಸಿಕೊಂಡ ಲಂಬಿ ಎಂಬ ಹೆಸರನ್ನು ರಾಜ್ಯ 1953ರಲ್ಲಿ ಒಪ್ಪಿತು. ಹೆಸರು ಇಷ್ಟು ಸಲ ಬದಲಾದದ್ದನ್ನೇ ಹಿಡಿದುಕೊಂಡು, ಇವರಿಗೆ ತಾವು ಯಾರೆಂಬುದೇ ಗೊತ್ತಿಲ್ಲ ಎಂದು ವಿರೋಧಿಗಳು ವಾದಿಸಿದರು.

ಆದ್ದರಿಂದ ನಿಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಅದನ್ನು ಬರೆದವರ ಹುದ್ದೆ, ವರ್ಷ ಮತ್ತು ಆ ಹೆಸರು ಬಂದ ಕಾರಣ ಈ ಮೂರೂ ಇರಬೇಕು. ಶಾಲೆಗೆ ಸೇರಿಸಿದ ದಿನ ತಂದೆ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದು, ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡಿದ್ದರೆ ಅದನ್ನೂ ಹಾಗೆಯೇ ದಾಖಲಿಸಿ. ನಮ್ಮಲ್ಲಿ ಸಂವಿಧಾನದ 342ನೇ ವಿಧಿಯಡಿ ಪ್ರಕಟವಾದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸಂಸತ್ತು ಮಾತ್ರ ತಿದ್ದಬಲ್ಲದು. ಪಟ್ಟಿಯನ್ನು ಇದ್ದಂತೆಯೇ ಓದಬೇಕು, ನ್ಯಾಯಾಲಯವೂ ಅದಕ್ಕೆ ಹೆಸರು ಸೇರಿಸಲಾಗದು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟಪಡಿಸಿದೆ. ಜೇನು ಕುರುಬ, ಕಾಡು ಕುರುಬ, ಯರವ, ಕುಡಿಯ ಎಂಬ ಹೆಸರುಗಳು ಕರ್ನಾಟಕದ ಪಟ್ಟಿಯಲ್ಲಿ ಬೇರೆ ಬೇರೆಯಾಗಿಯೇ ಇವೆ, ಕೊಡಗು ಜಿಲ್ಲೆಗೆ ಸೀಮಿತವಾಗಿ ‘ಕುರುಬ’ ಎಂಬ ನಮೂದೂ ಇದೆ; ಅದೇ ಪದ ಬಯಲುಸೀಮೆಯಲ್ಲಿ ಬೇರೊಂದು ಸಮುದಾಯವನ್ನು ಸೂಚಿಸುವುದರಿಂದ ಗೊಂದಲವೂ ಅಲ್ಲಿಂದಲೇ ಹುಟ್ಟುತ್ತದೆ. ಬೆಟ್ಟ ಕುರುಬ ಎಂಬುದನ್ನು ಕಾಡು ಕುರುಬದ ಪರ್ಯಾಯ ಹೆಸರಾಗಿ ಸೇರಿಸುವ ಮಸೂದೆಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2022ರ ಡಿಸೆಂಬರ್‌ನಲ್ಲಿ. ಯಜಮಾನರ ಮೂರು ಕಾಗದಗಳ ಪೈಕಿ ಮೂರನೆಯದು ಅಲ್ಲಿಯವರೆಗೆ ಕಚೇರಿಯ ಕಣ್ಣಿಗೆ ಬರೀ ಕಾಗದವಾಗಿತ್ತು.

ಹೆಸರಿನ ಬೆಲೆ ಏನೆಂಬುದು, ಕಾಡಿನಲ್ಲಿ ನೆಲೆಸಿದವರಿಗೆ ಆ ನೆಲದ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಪಟ್ಟಿಯಲ್ಲಿ ಇಲ್ಲದವರು ಅದೇ ದಿನಾಂಕಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದನ್ನು ರುಜುವಾತುಪಡಿಸಬೇಕು.

ಎರಡನೆಯ ಕೆಲಸ ಹಿರಿಯರ ಹೇಳಿಕೆ, ಮತ್ತು ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಕಾಯ್ದೆಯ ನಿಯಮಗಳ 13ನೇ ನಿಯಮವು ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನು ಸಾಕ್ಷ್ಯವೆಂದು ಒಪ್ಪುತ್ತದೆ. ಹಳೆಯ ಬಾವಿ, ಸಮಾಧಿ, ದೇವರ ನೆಲೆಗಳನ್ನೂ ಒಪ್ಪುತ್ತದೆ. ಇಂಥದ್ದೇ ದಾಖಲೆ ಬೇಕೆಂದು ಹಟ ಹಿಡಿಯುವಂತಿಲ್ಲ ಎಂಬುದು 2012ರ ತಿದ್ದುಪಡಿಯಲ್ಲಿದೆ. ಹೇಳಿಕೆ ಬರೆದುಕೊಳ್ಳುವಾಗ ಅಜ್ಜಿಯನ್ನು “ಎಷ್ಟನೇ ಇಸವಿ?” ಎಂದು ಕೇಳಬೇಡಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗ ನೀವು ಎಷ್ಟು ಎತ್ತರ ಇದ್ದಿರಿ, ನಿಮ್ಮ ಅವ್ವನನ್ನು ಮಣ್ಣು ಮಾಡಿದ್ದು ಯಾವ ಮರದ ಕೆಳಗೆ, ದೇವರಪುರದ ಕುಂಡೆ ಹಬ್ಬಕ್ಕೆ ಯಾವ ದಾರಿಯಲ್ಲಿ ನಡೆದು ಹೋಗುತ್ತಿದ್ದಿರಿ ಎಂದು ಕೇಳಿ. ಸಾಧ್ಯವಾದರೆ ಆ ಮರದ ತನಕ ಅವರ ಜೊತೆಗೇ ನಡೆಯಿರಿ, ಏಕೆಂದರೆ ಮನೆಯಂಗಳದಲ್ಲಿ ಮರೆತದ್ದು ದಾರಿಯಲ್ಲಿ ನೆನಪಾಗುತ್ತದೆ. ಮೊದಲು ಅವರ ನುಡಿಯಲ್ಲೇ ಬರೆದು, ಕೆಳಗೆ ಕನ್ನಡದಲ್ಲಿ ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ; ದಿನಾಂಕ, ಸ್ಥಳ, ಕುಳಿತಿದ್ದವರ ಹೆಸರು ಬಿಡಬಾರದು.

ಸಮುದಾಯ ತಾನೇ ನಡೆಸಿದ ಸಂಸ್ಥೆಗಳ ಪುಸ್ತಕಗಳೂ ಇದರ ಜೊತೆಗಿರಲಿ. ಲಂಬಿಗಳ ಶಾಲೆ 1887ರಲ್ಲಿ ಆರಂಭವಾದಾಗ ರಾಜ್ಯ ಕೊಟ್ಟದ್ದು ಶಿಕ್ಷಕರ ಸಂಬಳಕ್ಕೆಂದು 500 ಡಾಲರ್. ಕಟ್ಟಡವನ್ನು ಸಮುದಾಯದವರೇ ಎಬ್ಬಿಸಿದರು. ಅದೇ ಇಂದು ಪೆಂಬ್ರೋಕ್‌ನಲ್ಲಿರುವ ವಿಶ್ವವಿದ್ಯಾಲಯ. ನಮ್ಮಲ್ಲಿ ಆಶ್ರಮ ಶಾಲೆಯ ಹಾಜರಿ, ಸ್ವಸಹಾಯ ಸಂಘದ ನಡಾವಳಿ, ಹಬ್ಬದ ವಂತಿಗೆ ಚೀಟಿ ಇವೆಲ್ಲ ಕೆಲಸಕ್ಕೆ ಬರುತ್ತವೆ. ಹೊರಗಿನವರು ಬರೆದದ್ದೂ ಬೇಕು. 1958ರ ಜನವರಿ 18ರಂದು ಮ್ಯಾಕ್ಸ್‌ಟನ್ ಊರಿನ ಬಳಿ ಹೇಯ್ಸ್ ಕೆರೆಯ ದಡದಲ್ಲಿ ಸಭೆ ಸೇರಿದ್ದ, ಬಿಳಿಯರ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನಿನವರನ್ನು ನೂರಾರು ಲಂಬಿಗಳು ಓಡಿಸಿದಾಗ, ದೇಶದ ಪತ್ರಿಕೆಗಳೆಲ್ಲ ಅವರನ್ನು ಇಂಡಿಯನ್ನರೆಂದೇ ಬರೆದವು. ನಿಮ್ಮ ಹಾಡಿಯ ಬಗ್ಗೆ ಬಂದ ಹಳೆಯ ವರದಿಯ ತುಣುಕು ಎಷ್ಟೇ ಚಿಕ್ಕದಿರಲಿ, ಪತ್ರಿಕೆಯ ಹೆಸರು, ದಿನಾಂಕ ಕಾಣುವಂತೆ ಅಂಟಿಸಿಡಿ.

ಮೈಯನ್ನು ಅಳೆಯಲು ಯಾರಿಗೂ ಬಿಡಬೇಡಿ. 1936ರಲ್ಲಿ ಕಾರ್ಲ್ ಸೆಲ್ಟ್ಸರ್ ಎಂಬ ಮಾನವಶಾಸ್ತ್ರಜ್ಞ ಕೇಂದ್ರ ಸರ್ಕಾರದ ಪರವಾಗಿ ರಾಬ್ಸನ್ ಕೌಂಟಿಗೆ ಬಂದು, ತಲೆ, ಮೂಗು, ಕೂದಲು, ಚರ್ಮದ ಬಣ್ಣ ಪರೀಕ್ಷಿಸಿ, 209 ಅರ್ಜಿದಾರರಲ್ಲಿ 22 ಜನರಿಗೆ ಮಾತ್ರ ಅರ್ಧಕ್ಕಿಂತ ಕಡಿಮೆಯಿಲ್ಲದ ಇಂಡಿಯನ್ ರಕ್ತವಿದೆ ಎಂದು ತೀರ್ಮಾನಿಸಿದ. ಒಡಹುಟ್ಟಿದವರಲ್ಲೇ ಒಬ್ಬರು ಒಳಗೆ, ಒಬ್ಬರು ಹೊರಗಾದರು. ನಮ್ಮಲ್ಲಿ ಪರಿಶಿಷ್ಟ ಪಂಗಡವನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಕೊಟ್ಟ ಮಾನದಂಡಗಳಲ್ಲಿ ಹೊರಗಿನವರೊಡನೆ ಬೆರೆಯಲು ಸಂಕೋಚ ಎಂಬುದೂ ಒಂದು. ಹಾಗೆಂದು ಫೋಟೊಗೆ ನಿಲ್ಲುವಾಗ ಸಂಕೋಚವನ್ನು ನಟಿಸುವುದಾಗಲಿ, ಎಂದೋ ಬಿಟ್ಟ ಉಡುಗೆಯನ್ನು ಬಾಡಿಗೆಗೆ ತಂದು ಉಡುವುದಾಗಲಿ ಬೇಡ. ಕೈಯಲ್ಲಿ ಮೊಬೈಲ್ ಇದ್ದ ಮಾತ್ರಕ್ಕೆ ದೇವರಕಾಡಿನ ನಂಟು ಕಳಚಿಹೋಗುವುದಿಲ್ಲ. ಎರಡನ್ನೂ ಇದ್ದಂತೆ ಬರೆಯಿರಿ.

ಅಕ್ಕಪಕ್ಕದ ಹಾಡಿಯವರನ್ನು ಅರ್ಜಿಗೆ ಮೊದಲೇ ಕಂಡು ಮಾತಾಡಿ. ಲಂಬಿಗಳಿಗೆ ದೀರ್ಘಕಾಲ ಅಡ್ಡ ನಿಂತವರಲ್ಲಿ ಆಗಲೇ ಮಾನ್ಯತೆ ಪಡೆದಿದ್ದ ಪೂರ್ವ ಚೆರೊಕೀ ಬುಡಕಟ್ಟೂ ಇತ್ತು. ಜೇನು ಕೀಳುವ, ಮೀನು ಹಿಡಿಯುವ ಗಡಿಗಳು ಎರಡು ಹಾಡಿಗಳ ನಡುವೆ ಹಾಯ್ದುಹೋಗುವ ಕಡೆ ಇಬ್ಬರೂ ಕೂಡಿ ನಕ್ಷೆ ಬರೆದು, ಎರಡೂ ಗ್ರಾಮಸಭೆಗಳ ನಡಾವಳಿಯಲ್ಲಿ ಸೇರಿಸುವುದು ಲೇಸು.

ಬಂದ ಆದೇಶದ ಕೊನೆಯ ಸಾಲನ್ನು ಮೊದಲು ಓದಿ. ಕೊಡಗು ಪ್ರತ್ಯೇಕ ರಾಜ್ಯವಾಗಿ ಉಳಿಯದೆ ಹೋದ ಅದೇ 1956ರಲ್ಲಿ, ಜೂನ್ 7ರಂದು, ಅಮೆರಿಕದ ಕಾಂಗ್ರೆಸ್ಸಿನ ಕಾಯ್ದೆಯೊಂದು ಲಂಬಿ ಇಂಡಿಯನ್ನರು ಎಂಬ ಹೆಸರನ್ನು ಒಪ್ಪಿಕೊಂಡು, ಇಂಡಿಯನ್ನರಿಗೆಂದು ಕೇಂದ್ರ ಒದಗಿಸುವ ಯಾವ ಸೇವೆಗೂ ಇವರು ಅರ್ಹರಲ್ಲ ಎಂಬ ವಾಕ್ಯವನ್ನೂ ಕೊನೆಗೆ ಸೇರಿಸಿತು. ಆಡಳಿತಾತ್ಮಕ ಮಾನ್ಯತೆಗಾಗಿ 1987ರಲ್ಲಿ ಅವರು ದೊಡ್ಡ ಅರ್ಜಿಯನ್ನು ಸಲ್ಲಿಸಿದರೆ, ಆ ವಾಕ್ಯ ಇರುವವರೆಗೆ ಅರ್ಜಿಯನ್ನು ಪರಿಗಣಿಸಲಾಗದು ಎಂಬ ಉತ್ತರ ಕೇಂದ್ರದಿಂದ 1989ರಲ್ಲಿ ಬಂತು. ಆ ಅಭಿಪ್ರಾಯ ಬದಲಾದದ್ದು 2016ರಲ್ಲಿ. 1888ರಲ್ಲಿ ಕಾಂಗ್ರೆಸ್ಸಿಗೆ ಮೊದಲ ಮನವಿ ಕೊಟ್ಟವರ ಸಂತತಿಗೆ ಪೂರ್ಣ ಮಾನ್ಯತೆ ದೊರೆತದ್ದು 2025ರ ಡಿಸೆಂಬರ್‌ನಲ್ಲಿ, ಅದೂ ರಕ್ಷಣಾ ವೆಚ್ಚದ ವಾರ್ಷಿಕ ಮಸೂದೆಯೊಳಗೆ ಸೇರಿಕೊಂಡು. ನಾನು ನೋಡಿದ ಒಂದು ಹಕ್ಕುಪತ್ರದಲ್ಲಿ ಮನೆಯ ಅಡಿಪಾಯದಷ್ಟು ಜಾಗ ಮಾತ್ರ ನಮೂದಾಗಿ, ಹಿಂದಿನ ಕಾಫಿ, ಮೆಣಸಿನ ಬಳ್ಳಿಯ ನೆಲವೆಲ್ಲ ಬಿಟ್ಟುಹೋಗಿತ್ತು. ಅದು ಹಿಂಬದಿಯ ವಿಸ್ತೀರ್ಣದ ಕಲಂನಲ್ಲಿತ್ತು, ಮುಂಬದಿಯ ಮುದ್ರೆ ನೋಡಿ ಮನೆಯವರು ಸಿಹಿ ಹಂಚಿಯಾಗಿತ್ತು. ಅರಣ್ಯ ಹಕ್ಕಿನ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ ಹೋಗಲು 60 ದಿನಗಳ ಅವಧಿ ಇರುತ್ತದೆ, ಆದ್ದರಿಂದ ಆದೇಶ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ.

ಮೂಲ ಕಾಗದಗಳನ್ನು ಯಾವ ಕಚೇರಿಗೂ ಕೊಡಬೇಡಿ. ನಕಲು ಕೊಟ್ಟು, ಇನ್ನೊಂದು ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ನಮ್ಮ ಮಳೆಗಾಲದಲ್ಲಿ ತಗಡಿನ ಪೆಟ್ಟಿಗೆಯೊಳಗೂ ಬೂಷ್ಟು ಹಿಡಿಯುವುದರಿಂದ, ಆ ಯಜಮಾನರು ಮೂರು ಕಾಗದಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದಾರೆ.