ತ್ರೀ ಇಂಟು ಫೋರ್ ಅಂದರೆ ಇಲ್ಲಿ ಹನ್ನೆರಡಲ್ಲ

"ಕಮ್ಯುನಿಟಿ ಕಾಲೇಜಾ? ಸುಮ್ನೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು, ಆರು ತಿಂಗಳಲ್ಲಿ ಕೆಲಸ." ಮೇರಿಲ್ಯಾಂಡಿನ ನಮ್ಮ ಕನ್ನಡ ಬಳಗದಲ್ಲಿ ನನಗೆ ಈ ಬುದ್ಧಿ ಹೇಳದವರೇ ಇಲ್ಲ. ಅದನ್ನು ಕೇಳದೆ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೇ ಸೇರಿದ ನಾನು ಈ ಆಗಸ್ಟಿನಿಂದ ಹೈಸ್ಕೂಲಲ್ಲಿ ಆಲ್ಜಿಬ್ರಾ ಟೀಚರ್. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಳೇ ಪಿಸಿಎಂ ಬಿಎಸ್ಸಿ, ಮೂರು ವರ್ಷದ್ದು. ಮೊದಲ ಏಟು ಬಿದ್ದಿದ್ದೇ ಅಲ್ಲಿ. ಊರಿನಿಂದ ಸೀಲ್ ಹಾಕಿದ ಕವರಲ್ಲಿ ಮಾರ್ಕ್ಸ್‌ಕಾರ್ಡ್ ತರಿಸಲು ಐದು ತಿಂಗಳು ಹಿಡಿಯಿತು. ತಮ್ಮ ನಾಲ್ಕು ಸಲ ಯೂನಿವರ್ಸಿಟಿಗೆ ಅಲೆದ. ಡಿಗ್ರಿಯನ್ನು ಇಲ್ಲಿನದಕ್ಕೆ ಹೋಲಿಸಿ ನೋಡುವ ಇವ್ಯಾಲ್ಯುಯೇಶನ್‌ಗೆ ಇನ್ನೂರು ಚಿಲ್ಲರೆ ಡಾಲರ್ ಕೊಟ್ಟೆ. ಬಂದ ಉತ್ತರ: ಮೂರು ವರ್ಷದ ಓದು ಹೌದು, ಇಲ್ಲಿನ ಡಿಗ್ರಿಗೆ ಸಮ ಅಲ್ಲ. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಕಮ್ಯುನಿಟಿ ಕಾಲೇಜಲ್ಲಿ ಸೆಕೆಂಡರಿ ಗಣಿತದ ಎಎಟಿಗೆ, ಅಂದರೆ ಟೀಚರ್ ಆಗುವವರ ಎರಡು ವರ್ಷದ ಡಿಗ್ರಿಗೆ, ಸೇರಿದೆ. ಜಿಪಿಎ (ಗ್ರೇಡುಗಳ ಸರಾಸರಿ, ನಾಲ್ಕಕ್ಕೆ) 2.75 ಉಳಿಸಿಕೊಂಡು ಅದನ್ನು ಮುಗಿಸಿದರೆ ರಾಜ್ಯದ ಯೂನಿವರ್ಸಿಟಿಗಳು ಒಂದೊಂದೇ ಕೋರ್ಸ್ ಕೆದಕದೆ ಇಡಿಯಾಗಿ ಒಪ್ಪಿಕೊಳ್ಳುತ್ತವೆ.

ದುಡ್ಡಿನ ವಿಷಯ. ಕೌಂಟಿಯ (ಜಿಲ್ಲೆಯ) ನಿವಾಸಿಗಳ ರೇಟಿನಲ್ಲಿ ಕ್ರೆಡಿಟ್‌ಗೆ ಎಲ್ಲ ಸೇರಿ 180 ಡಾಲರ್ ಹತ್ತಿರ ಬಿತ್ತು. ಬಿಎಸ್ಸಿಯಿಂದ ಹನ್ನೆರಡು ಕ್ರೆಡಿಟ್ ಗಿಟ್ಟಿಸಿದೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಹಳೇ ಸಿಲಬಸ್ ಪುಸ್ತಕ ರದ್ದಿಗೆ ಹಾಕಬೇಡಿ, ಅಷ್ಟೇ ಹೇಳುತ್ತೇನೆ. ಒಟ್ಟು ಒಂಬತ್ತು ಸಾವಿರದ ಆಸುಪಾಸು ಆಯಿತು. ಅದರ ಮೇಲೆ 540 ದಂಡ!

ಆ ದಂಡದ ಕತೆ ಹೀಗೆ. ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ ನನಗೆ ನೀರು ಕುಡಿದಷ್ಟು ಸಲೀಸು. ಪರೀಕ್ಷೆ ಹಿಂದಿನ ದಿನ ಹತ್ತೊಂಬತ್ತರ ಹುಡುಗರು ನನ್ನ ಟೇಬಲ್ ಸುತ್ತ ಕೂರುತ್ತಿದ್ದರು. ಮುಗ್ಗರಿಸಿದ್ದು ಎಜುಕೇಶನ್ ಪೇಪರಲ್ಲಿ. ಶಾಲೆಯಲ್ಲಿ ಕೂತು ನೋಡಿದ್ದನ್ನು ಬರೆಯಬೇಕಿತ್ತು. ನಾನು ಬಿಎಸ್ಸಿ ಉತ್ತರದ ಹಾಗೆ ಪಾಯಿಂಟ್ ಹಾಕಿ, ಟೀಚರ್ ಚೆನ್ನಾಗಿ ಕಲಿಸಿದರು, ಮಕ್ಕಳು ಗಮನ ಕೊಟ್ಟರು ಅಂತ ಬರೆದೆ. ಮೂರು ಸಲವೂ ಪ್ರೊಫೆಸರ್ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದರು: ಮಕ್ಕಳು ಏನಂದರು? ಸಿಟ್ಟಿನಲ್ಲಿ ಕೋರ್ಸ್ ಬಿಟ್ಟೆ. ರೀಫಂಡ್ ದಿನ ದಾಟಿಹೋಗಿತ್ತು. ಮುಂದಿನ ಸೆಮಿಸ್ಟರ್ ಮತ್ತೆ ಸೇರಿ, ಮಕ್ಕಳ ಬಾಯಿಂದ ಬಂದಿದ್ದನ್ನು ಮಾತ್ರ ಗೀಚಿಕೊಂಡೆ. ಎ ಬಂತು.

ಹಾಗೆ ಗೀಚುವಾಗಲೇ ನನ್ನ ತಪ್ಪೂ ಸಿಕ್ಕಿತು. ಆ ಶಾಲೆಯ ಮಕ್ಕಳಿಗೆ "ತ್ರೀ ಇಂಟು ಫೋರ್" ಅಂದೆ. ಹುಡುಗಿ ನಾಲ್ಕನ್ನು ಮೂರರಿಂದ ಭಾಗಿಸಿ 1.33 ಬರೆದಳು. "ತ್ರೀ ಬೈ ಫೋರ್" ಅಂದೆ. ಪಕ್ಕದವನು ಆಯತ ಬರೆದು ಒಂದು ಬದಿಗೆ 3, ಇನ್ನೊಂದಕ್ಕೆ 4 ಹಾಕಿದ. ತಪ್ಪು ಅವರದಲ್ಲ; ಇಲ್ಲಿ ಇಂಟು ಅಂದರೆ ಭಾಗಾಕಾರ, ಬೈ ಅಂದರೆ ಉದ್ದ-ಅಗಲ. ಅವತ್ತೇ ಪೆನ್ಸಿಲ್ ಪೌಚಿಗೆ ಚೀಟಿ ಅಂಟಿಸಿದೆ: ಗುಣಿಸಲು ಟೈಮ್ಸ್, ಭಾಗಿಸಲು ಓವರ್. ನಮ್ಮವರು ಯಾರಾದರೂ ಇದನ್ನು ಮೊದಲೇ ಹೇಳಬಾರದಿತ್ತಾ?

ಇದರ ನಡುವೆ ರಂಗೋಲಿಯದ್ದೂ ಒಂದು ಹುಚ್ಚು. ಏಳರಿಂದ ಒಂದಕ್ಕೆ ನೇರ ಚುಕ್ಕಿ ಇಟ್ಟು (ನಡುವೆ ಏಳು, ಎರಡೂ ಕಡೆ ಐದು, ಮೂರು, ಒಂದು) ಎಷ್ಟಿವೆ ಅಂತ ಆ ಮಕ್ಕಳನ್ನು ಕೇಳಿದೆ. ಒಬ್ಬ ಹಾಳೆ ಓರೆ ಮಾಡಿ ಹಿಡಿದು, ಇದರಲ್ಲಿ ಎರಡು ಚೌಕ ಇವೆ ಅಂದ. ನೋಡಿದರೆ ಹೌದು, ಒಂದರಲ್ಲಿ 16 ಚುಕ್ಕಿ, ಇನ್ನೊಂದರಲ್ಲಿ 9. ನಲವತ್ತು ವರ್ಷ ಬಾಗಿಲಿಗೆ ರಂಗೋಲಿ ಹಾಕಿದ ಅಮ್ಮನಿಗೂ ಕಂಡಿರಲಿಲ್ಲ.

ಯೂನಿವರ್ಸಿಟಿಯ ಎರಡು ವರ್ಷ ಮುಗಿಸಿ ಇಂಟರ್‌ವ್ಯೂಗೆ ಹೋದಾಗ ಡೆಮೊ ಪಾಠಕ್ಕೆ ಅದನ್ನೇ ಒಯ್ದೆ. ಪ್ರಿನ್ಸಿಪಾಲರು ತಾವೇ ಪೆನ್ಸಿಲ್ ಹಿಡಿದು ಚುಕ್ಕಿ ಎಣಿಸಿ 24 ಅಂದರು. ಇನ್ನೊಂದ್ಸಲ ಎಣಿಸಿ ಅಂದೆ.