ಬಿಳಿ ಪೊರೆ ಕಂಡ ಹೊಲಕ್ಕೆ ಮೊದಲು ಒಂದು ಲೋಟ ಮಳೆನೀರು

ಸಿಂಧನೂರು ಕಡೆ ನಮ್ಮದು ಮೂರು ಎಕರೆ ಎರೆಹೊಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಮೇಲಿನ ಗದ್ದೆಗಳಲ್ಲಿ ಭತ್ತದ ಮೇಲೆ ಭತ್ತ. ಆ ನೀರೆಲ್ಲ ಬಸಿದು ನಮ್ಮ ತಗ್ಗಿನ ಮೂಲೆಗೆ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪೊರೆ. ನಾಟಿ ಮಾಡಿದ ಸಸಿ ತುದಿ ಸುಟ್ಟು ಸಾಯುತ್ತಿತ್ತು. ಗೊಬ್ಬರದ ಅಂಗಡಿಯವರು ಜಿಪ್ಸಂ ಹಾಕಿ ಅಂದರು. ಎರಡು ವರ್ಷ ಹಾಕಿದೆವು. ದುಡ್ಡು ಹೋಯಿತು, ಪೊರೆ ಹೋಗಲಿಲ್ಲ.

ಬಿಳಿ ಕಂಡದ್ದೆಲ್ಲ ಒಂದೇ ರೋಗ ಅಲ್ಲ. ಸವಳು ಮಣ್ಣಿನಲ್ಲಿ ಕರಗುವ ಉಪ್ಪು ಜಾಸ್ತಿ. ಹಸಿ ಎಷ್ಟಿದ್ದರೂ ಬೇರು ಹೀರಲಾರದು. ಕ್ಷಾರ ಮಣ್ಣಿನಲ್ಲಿ ಜೇಡಿಯ ಕಣಕ್ಕೆ ಸೋಡಿಯಂ ಅಂಟಿರುತ್ತದೆ. ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ನೀರು ಇಳಿಯುವುದಿಲ್ಲ, ಗಾಳಿ ಆಡುವುದಿಲ್ಲ. ಜಿಪ್ಸಂನ ಸುಣ್ಣದ ಅಂಶ ಆ ಸೋಡಿಯಂ ಅನ್ನು ಕಿತ್ತು ಹಾಕುತ್ತದೆ. ಅದು ಬೇಕಾದದ್ದು ಕ್ಷಾರಕ್ಕೆ, ಬರೀ ಸವಳಿಗೆ ಅಲ್ಲ.

ಯಾವುದು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಶೇಂಗಾಕಾಯಿಯಷ್ಟು ಒಣ ಹೆಂಟೆ ತನ್ನಿ. ಗಾಜಿನ ಲೋಟದಲ್ಲಿ ಮಳೆನೀರು ಹಾಕಿ ಮೆಲ್ಲಗೆ ಬಿಡಿ. ಬೋರಿನ ನೀರು ಬೇಡ, ಅದರ ಉಪ್ಪೇ ಕಣಗಳನ್ನು ತಳಕ್ಕೆ ಕೂರಿಸಿಬಿಡುತ್ತದೆ. ಕಲಕಬೇಡಿ. ಮಾರನೇ ದಿನ ಹೆಂಟೆಯ ಸುತ್ತ ನೀರು ಹಾಲಿನಂತೆ ಕದಡಿದ್ದರೆ ಕ್ಷಾರದ ಗುರುತು. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ, ಹೊಲದಲ್ಲಿ ಬಿಳಿ ಪೊರೆಯೂ ಇದ್ದರೆ, ಸವಳು. ನಮ್ಮದು ತಿಳಿಯಾಗಿತ್ತು. ಎರಡು ವರ್ಷದ ಜಿಪ್ಸಂ ನೆನೆದು ಹೊಟ್ಟೆ ಉರಿಯಿತು.

ಆಮೇಲೆ ಪ್ರಯೋಗಾಲಯಕ್ಕೆ ಕೊಡಲೇಬೇಕು. ಎರಡೂ ಒಟ್ಟಿಗೆ ಇರುವ ಮಣ್ಣೂ ಉಂಟು. ಆರು ಇಂಚು ಆಳದ ಗುಂಡಿ ತೋಡಿ, ಗೋಡೆಯಿಂದ ಮೇಲಿನಿಂದ ಕೆಳಗೆ ಒಂದು ಪದರ ಕೆತ್ತಿ ತೆಗೆಯಿರಿ. ಹೀಗೆ ಎಂಟು ಹತ್ತು ಕಡೆ. ಕೆಟ್ಟ ಮೂಲೆಯ ಮಣ್ಣು ಬೇರೆ ಚೀಲ, ಒಳ್ಳೆಯ ಕಡೆಯದು ಬೇರೆ. ಬೆರೆಸಿದರೆ ಎರಡೂ ಸುಳ್ಳಾಗುತ್ತವೆ. ವರದಿಯಲ್ಲಿ ರಸಸಾರ (pH) 8.5 ದಾಟಿದ್ದರೆ ಕ್ಷಾರದ ಅನುಮಾನ. ಲವಣಾಂಶ (EC, ಡೆಸಿಸೀಮನ್ಸ್/ಮೀಟರ್ ಲೆಕ್ಕದಲ್ಲಿ) 4 ದಾಟಿದರೆ ಸವಳು ಅನ್ನುತ್ತಾರೆ. ಆದರೆ ಈ 4 ಅನ್ನುವುದು ಮಣ್ಣನ್ನು ಪೂರ್ತಿ ನೆನೆಸಿ ಹಿಂಡಿದ ನೀರಿನ ಲೆಕ್ಕ. ಜಾಸ್ತಿ ನೀರು ಬೆರೆಸಿ ಅಳೆದರೆ ಅಂಕಿ ತೀರಾ ಕಡಿಮೆ ಬರುತ್ತದೆ. ಹೇಗೆ ಅಳೆದಿರಿ ಅಂತ ತಪ್ಪದೇ ಕೇಳಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಬಗ್ಗೆಯೇ ಕೆಲಸ ನಡೆಯುತ್ತದೆ. ನಮ್ಮ ಕಡೆಯವರು ಅಲ್ಲಿ ಕೇಳಬಹುದು.

ಸವಳಿಗೆ ಮದ್ದು ಸಿಹಿನೀರು ಮತ್ತು ಆ ನೀರು ಹೊರಹೋಗುವ ದಾರಿ. ನಾವು ಮೇಲಿನ ಬದುವಿನ ಗುಂಟ ಮೂರಡಿ ಬಸಿಗಾಲುವೆ ತೋಡಿ ಹಳ್ಳಕ್ಕೆ ಕೂಡಿಸಿದೆವು. ಆಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ ಇಂಗಿಸಿದೆವು. ದಾರಿ ಮಾಡದೆ ಸುಮ್ನೆ ನೀರು ನಿಲ್ಲಿಸಿದರೆ ಉಪ್ಪು ಮತ್ತೆ ಮೇಲೆ ಬರುತ್ತದೆ. ಕ್ಷಾರಕ್ಕೆ ಜಿಪ್ಸಂ ಹಾಕಿದರೂ ಈ ದಾರಿ ಬೇಕೇ ಬೇಕು. ನಂತರ ಹಸಿರೆಲೆ ಗೊಬ್ಬರದ ಗಿಡ ಡಯಂಚ ಬಿತ್ತಿ, ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಿದೆವು.

ಆ ಮೂಲೆಗೆ ಈಗ ಹತ್ತಿ. ಅದೇ ಲವಣಾಂಶದ ಲೆಕ್ಕದಲ್ಲಿ ಭತ್ತ 3 ದಾಟಿದರೇ ಸೊರಗತೊಡಗುತ್ತದೆ, ಹತ್ತಿ 7ರವರೆಗೂ ತಡೆಯುತ್ತದೆ. ಬೀಜ ಮಾತ್ರ ಬೋದಿನ (ಸಾಲಿನ ಪಕ್ಕದ ಏರುಮಣ್ಣಿನ) ನೆತ್ತಿಗೆ ಊರಬೇಡಿ, ಉಪ್ಪು ಸೇರುವುದೇ ಅಲ್ಲಿ. ಬೋದಿನ ಪಕ್ಕಕ್ಕೆ ಊರಿ. ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ಮೊದಲು ಬಸಿಗಾಲುವೆಯ ಜೊಂಡು ಕಿತ್ತು, ಹೂಳು ತೆಗೆಯಿರಿ.